ಓದುಗರ ಪ್ರಶ್ನೆ: ವಿಕಲಚೇತನರು ಮತ್ತು ನಮ್ಮ ಧರ್ಮಕೇಂದ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ವಿಷಯ ಮತ್ತೆ ಮತ್ತೆ ಬಂದಿದೆ. ಮನೆಯಲ್ಲಿ ವಿಕಲಚೇತನರಿದ್ದಾರೆ, ಅವರನ್ನು ಚರ್ಚಿಗೆ ಕರೆತರುವುದು ಹೇಗೆ, ಸಂಸ್ಕಾರ ಕೊಡಿಸುವುದು ಹೇಗೆ? 2005ರಲ್ಲಿ ರಚನೆಯಾದ ಕಲಬುರಗಿ ಕಥೋಲಿಕ ಧರ್ಮಕ್ಷೇತ್ರದಲ್ಲಿ ದೊಡ್ಡ ನಗರಗಳಲ್ಲಿರುವಷ್ಟು ಅನುಕೂಲ ಇಲ್ಲ. ಆದರೆ ಇಲ್ಲಿ ಕೇಳಿರುವ ಹೆಚ್ಚಿನ ಸಂಗತಿಗಳಿಗೆ ದೊಡ್ಡ ಹಣ ಬೇಕಾಗಿಲ್ಲ. ಸರಿಯಾದ ಮಾಹಿತಿ ಬೇಕು, ಸ್ವಲ್ಪ ಮುಂಚೆ ತಯಾರಿ ಬೇಕು.

ಪ್ರಶ್ನೆ: ನಮ್ಮ ಮಗಗ ಹನ್ನೆರಡು ವರ್ಷರಿ. ಡೌನ್ ಸಿಂಡ್ರೋಮ್ ಅದ. ಅವನ ವಾರಗಿ ಹುಡುಗರದೆಲ್ಲ ಹೊಸ ಪರಮಪ್ರಸಾದ ಆಗ್ಯಾದ. ಇವಗ ಮಾತ್ರ ಪ್ರಾರ್ಥನೆ ಬಾಯಿಪಾಠ ಬರಲ್ಲ ಅಂತ ಧರ್ಮೋಪದೇಶದಾಗ ಸೇರಿಸಿಕೊಂಡಿಲ್ಲ. ಮನ್ಯಾಗ ಶಿಲುಬೆ ಗುರುತು ಹಾಕ್ತಾನ, ಯೇಸುನ ಚಿತ್ರಕ್ಕ ಮುತ್ತು ಕೊಡ್ತಾನ. ಇಷ್ಟು ಸಾಲಲ್ಲೇನ್ರಿ?
— ಒಬ್ಬ ತಾಯಿ, ಶಹಾಬಾದ್

ಉತ್ತರ: ತಾಯಿ, ಬಾಯಿಪಾಠ ಬಂದರೇ ಪರಮಪ್ರಸಾದ ಎಂಬ ನಿಯಮ ಧರ್ಮಸಭೆಯಲ್ಲಿ ಇಲ್ಲ. ಮಕ್ಕಳಿಗೆ ಸಂಪೂರ್ಣ ಧರ್ಮಜ್ಞಾನ ಬರಲಿ ಎಂದು ವರ್ಷಗಟ್ಟಲೆ ಕಾಯಿಸುವ ಪದ್ಧತಿಯನ್ನು 1910ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳ (ಪೋಪ್) ಕಾಲದಲ್ಲೇ ತಪ್ಪೆಂದು ತೀರ್ಮಾನಿಸಿ ಆಜ್ಞೆ ಹೊರಡಿಸಲಾಯಿತು. ಪರಮಪ್ರಸಾದದ ರೊಟ್ಟಿ ಬೇರೆ, ಮನೆಯ ರೊಟ್ಟಿ ಬೇರೆ ಎಂಬ ತಿಳಿವಳಿಕೆಯೇ ಅಲ್ಲಿ ಮುಖ್ಯ. ಈಗಿನ ಧರ್ಮಸಭಾ ಕಾನೂನಿನ 913ನೇ ಕಲಂ ಕೇಳುವುದು ಮಗುವಿನ ಶಕ್ತಿಗೆ ತಕ್ಕ ಅರಿವನ್ನು ಮತ್ತು ಭಕ್ತಿಯನ್ನು. ದೈಹಿಕ, ಮಾನಸಿಕ ಅಡಚಣೆ ಇರುವವರಿಗೂ ಅವರ ಸ್ಥಿತಿಗೆ ಹೊಂದುವಂತೆ ಧರ್ಮೋಪದೇಶ ಸಿಗುವ ಹಾಗೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುಗಳ ಹೊಣೆ ಎಂದು 777ನೇ ಕಲಂ ಹೇಳುತ್ತದೆ. 2020ರಲ್ಲಿ ರೋಮ್‌ನಿಂದ ಬಂದ ಧರ್ಮೋಪದೇಶ ಮಾರ್ಗದರ್ಶಿಯ 272ನೇ ಪರಿಚ್ಛೇದ ಇನ್ನೂ ನೇರವಾಗಿದೆ: ವಿಕಲಚೇತನರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲ. 2021ರ ಡಿಸೆಂಬರ್ 3ರ ಸಂದೇಶದಲ್ಲಿ ಪೋಪ್ ಫ್ರಾನ್ಸಿಸ್ ಇದೇ ಮಾತನ್ನು ಎತ್ತಿ ಹೇಳಿದರು. ಮಗು ಸಿದ್ಧವಾಗಿದೆಯೇ ಎಂದು ನೋಡುವವರು ಹೆತ್ತವರು ಮತ್ತು ಧರ್ಮಕೇಂದ್ರದ ಗುರುಗಳು. ಆದ್ದರಿಂದ ತರಗತಿಯಲ್ಲಿ 'ಆಗಲ್ಲ' ಅಂದರೆ ಅದೇ ಕೊನೆಯ ಮಾತಲ್ಲ. ಗುರುಗಳನ್ನೇ ಭೇಟಿ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಧರ್ಮಾಧ್ಯಕ್ಷರಿಗೆ (ಬಿಷಪ್) ಪತ್ರ ಬರೆಯಬಹುದು, ಅದು ನಿಮ್ಮ ಹಕ್ಕು.

ಈಗ ಕಲಿಸುವ ಬಗೆ. ವಾರಕ್ಕೆ ಎರಡು ಸಲ, ಒಂದೊಂದು ಸಲ 15ರಿಂದ 20 ನಿಮಿಷ ಸಾಕು. ಒಂದು ಗಂಟೆ ಕೂಡಿಸಿದರೆ ಮಗು ದಣಿಯುತ್ತದೆ, ದಣಿದ ಮಗುವನ್ನು ನಾವು ಹಟಮಾರಿ ಅನ್ನುತ್ತೇವೆ. ಚಿತ್ರಪುಸ್ತಕಕ್ಕಿಂತ ನಿಮ್ಮದೇ ಚರ್ಚಿನ ಫೋಟೊಗಳು ಒಳ್ಳೆಯವು: ಬಾಗಿಲು, ನಿಮ್ಮ ಬೆಂಚು, ಬಲಿಪೀಠ, ಗುರುಗಳು ಓಸ್ತಿ (ಪರಮಪ್ರಸಾದದ ತೆಳು ರೊಟ್ಟಿ) ಎತ್ತಿ ಹಿಡಿದಿರುವುದು, ಜನ ಸಾಲಿನಲ್ಲಿ ನಿಂತಿರುವುದು, ಕೈಗೆ ಓಸ್ತಿ ಕೊಡುತ್ತಿರುವುದು. ಆರೇಳು ಫೋಟೊ ಮುದ್ರಿಸಿ, ರಟ್ಟಿಗೆ ಅಂಟಿಸಿ, ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆ) ಕ್ರಮದಲ್ಲೇ ಜೋಡಿಸಲು ಆಡಿಸಿ. ಆಮೇಲೆ ಖಾಲಿ ಚರ್ಚಿಗೆ ಕರೆದೊಯ್ದು ಅದೇ ಜಾಗಗಳನ್ನು ತೋರಿಸಿ. ಮನೆಯಲ್ಲಿ ಜೋಳದ ರೊಟ್ಟಿ ತೋರಿಸಿ 'ಇದು ಊಟ', ಬಲಿಪೀಠದ ಫೋಟೊ ತೋರಿಸಿ 'ಇದು ಯೇಸು' ಅನ್ನಿ. ಕೆಲವು ವಾರಗಳಾದ ಮೇಲೆ 'ಯೇಸು ಎಲ್ಲಿ?' ಎಂದು ಕೇಳಿದಾಗ ಅವನು ಸರಿಯಾದ ಚಿತ್ರಕ್ಕೆ ಬೆರಳು ಇಟ್ಟರೆ, ಅಥವಾ ಓಸ್ತಿ ಎತ್ತಿದಾಗ ಕೈ ಮುಗಿದು ಸುಮ್ಮನಾದರೆ, ಅದೇ ಅವನ ಉತ್ತರ. ಮಾತೇ ಬರಬೇಕೆಂದಿಲ್ಲ. 'ಆಮೆನ್' ಬದಲು ತಲೆ ಬಾಗಿಸಿದರೂ ಆಗುತ್ತದೆ.

ಹೆಚ್ಚು ಎಡವಟ್ಟಾಗುವುದು ನುಂಗುವ ಹಂತದಲ್ಲಿ. ಡೌನ್ ಸಿಂಡ್ರೋಮ್ ಇರುವ ಅನೇಕರಿಗೆ ಬಾಯಿಯ ಮೇಲಂಗಳ ಕಿರಿದು, ನಾಲಿಗೆಯ ಬಿಗಿ ಕಡಿಮೆ. ತೆಳು ಓಸ್ತಿ ಮೇಲಂಗಳಕ್ಕೆ ಅಂಟಿಕೊಳ್ಳುತ್ತದೆ, ಮಗು ಗಾಬರಿಯಾಗಿ ಬೆರಳು ಹಾಕಿ ಕೀಳುತ್ತದೆ ಅಥವಾ ಉಗಿಯುತ್ತದೆ. ಜನ ಅದನ್ನು ಅಗೌರವ ಅಂದುಕೊಳ್ಳುತ್ತಾರೆ. ಆದ್ದರಿಂದ ಪ್ರತಿಷ್ಠಾಪನೆ ಆಗದ ಓಸ್ತಿಯನ್ನು ಗುರುಗಳಿಂದಲೋ ಸಿಸ್ಟರ್‌ಗಳಿಂದಲೋ ಕೇಳಿ ಪಡೆದು ಮನೆಯಲ್ಲಿ ಅಭ್ಯಾಸ ಮಾಡಿಸಿ. ಇದು ಇನ್ನೂ ಬರೀ ರೊಟ್ಟಿ, ಅಭ್ಯಾಸಕ್ಕೆ ಎಂದು ಪ್ರತಿ ಸಲ ಹೇಳಿ. ಮೊದಲು ಒಂದು ಗುಟುಕು ನೀರು, ಆಮೇಲೆ ಕಾಲು ತುಂಡು, ನಾಲಿಗೆಯ ಮಧ್ಯದಲ್ಲಿ. ಕಾಲು ತುಂಡು ಸಲೀಸಾದ ಮೇಲೆ ಅರ್ಧ. ಕೊನೆಯವರೆಗೂ ಕಾಲು ತುಂಡೇ ಆದರೂ ಅದು ಪೂರ್ಣ ಪರಮಪ್ರಸಾದವೇ. ಓಸ್ತಿಯ ಬದಲು ಬಿಸ್ಕತ್ತು, ಅಕ್ಕಿಯ ಹಪ್ಪಳ ಎಂದು ಬದಲಾಯಿಸಲು ಬರುವುದಿಲ್ಲ. ಅದು ಗೋಧಿಯದೇ ಆಗಿರಬೇಕು.

ಗಟ್ಟಿ ಪದಾರ್ಥ ನುಂಗಲೇ ಆಗದವರಿಗೂ ದಾರಿ ಇದೆ. ಅವಶ್ಯವಿದ್ದಾಗ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೇ ಪರಮಪ್ರಸಾದ ಕೊಡಬಹುದು ಎಂದು 925ನೇ ಕಲಂ ಅನುಮತಿಸುತ್ತದೆ. ಒಂದೆರಡು ಹನಿಯನ್ನು ಚಮಚದಲ್ಲಿ ನಾಲಿಗೆಗೆ ಮುಟ್ಟಿಸಿದರೆ ಸಾಕು. ಕೊಳವೆಯ ಮೂಲಕ ಆಹಾರ ಪಡೆಯುವವರಿಗೂ ವೈದ್ಯರನ್ನು ಕೇಳಿ ಹೀಗೆಯೇ ಕೊಡಬಹುದು. ಆದರೆ ಗುರುಗಳಿಗೆ ಮುಂಚಿತವಾಗಿ ತಿಳಿಸಲೇಬೇಕು. ಓಸ್ತಿಯ ಹಾಗೆ ಇದನ್ನು ಪೆಟ್ಟಿಗೆಯಲ್ಲಿ ಎತ್ತಿಡುವ ವಾಡಿಕೆ ಇಲ್ಲ, ಆ ದಿನದ ಬಲಿಪೂಜೆಯಲ್ಲೇ ಇದಕ್ಕೆಂದು ಒಂದಿಷ್ಟು ಇಟ್ಟುಕೊಳ್ಳಬೇಕಾಗುತ್ತದೆ.

ಉಗಿದರೆ ಬೈಯಬೇಡಿ, ಸುತ್ತಲಿನವರೂ ಗದ್ದಲ ಮಾಡಬಾರದು. ಪರಮಪ್ರಸಾದ ಕೊಡುವವರ ಕೈಯಲ್ಲಿ ಒಂದು ಬಿಳಿ ಬಟ್ಟೆ ಇರಲಿ. ಅದರಲ್ಲಿ ತೆಗೆದುಕೊಂಡು ನೀರಿನಲ್ಲಿ ಪೂರ್ತಿ ಕರಗುವವರೆಗೆ ಬಿಟ್ಟು, ಆ ನೀರನ್ನು ಗೌರವದಿಂದ ಶುದ್ಧವಾದ ನೆಲಕ್ಕೆ ಸುರಿಯುವುದು ಹಳೆಯ ಕ್ರಮ. ಇದನ್ನು ಎಲ್ಲ ಸೇವಕರಿಗೂ ಮುಂಚೆಯೇ ಹೇಳಿಟ್ಟರೆ ಯಾರೂ ಕಂಗಾಲಾಗುವುದಿಲ್ಲ.

ಪಾಪನಿವೇದನೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಸರಿ ತಪ್ಪು ಅರಿತು ಬೇಕೆಂದೇ ತಪ್ಪು ಮಾಡುವಷ್ಟು ವಿವೇಚನೆ ಬಂದಿರದವರನ್ನು ಪಾಪನಿವೇದನೆಗೆ ಬಲವಂತ ಮಾಡುವ ಅಗತ್ಯವಿಲ್ಲ. ತಮ್ಮನಿಗೆ ಹೊಡೆದು ಆಮೇಲೆ ಮುಖ ಸಣ್ಣದು ಮಾಡಿ ನಿಲ್ಲುವ ಮಗುವಾದರೆ, 'ತಪ್ಪಾಯ್ತು' ಎಂದು ಎದೆ ಮುಟ್ಟಿಕೊಳ್ಳುವ ಸನ್ನೆಯೇ ಅವನ ನಿವೇದನೆಯಾಗಬಹುದು.

ಇನ್ನೊಂದು ಮಾತು. ಗದ್ದಲ ಬೇಡವೆಂದು ಅವನೊಬ್ಬನಿಗೇ ಬೇರೆ ದಿನ, ಬಾಗಿಲು ಹಾಕಿ, ಕೊಟ್ಟು ಮುಗಿಸಬೇಡಿ. ಧ್ವನಿವರ್ಧಕದ ಸದ್ದು ತಡೆಯದ ಮಗುವಾದರೆ ಸ್ಪೀಕರ್‌ನಿಂದ ದೂರ ಕೂಡಿಸಿ, ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಸಿ. ಆದರೆ ವಾರಗೆಯ ಮಕ್ಕಳ ಸಾಲಿನಲ್ಲೇ ನಿಲ್ಲಿಸಿ.

ಪ್ರಶ್ನೆ: ನಮ್ಮ ಚರ್ಚಿನ ಕಟ್ಟೆ ಒಂದೂವರೆ ಅಡಿ ಎತ್ತರ, 3 ಮೆಟ್ಟಿಲು. ವೀಲ್‌ಚೇರ್‌ಗೆ ರ‍್ಯಾಂಪ್ ಮಾಡಿಸಬೇಕೆಂದು ಪಾಲನಾ ಸಮಿತಿ ಒಪ್ಪಿದೆ. ಗೌಂಡಿ 6 ಅಡಿ ಉದ್ದ ಸಾಕು ಎನ್ನುತ್ತಾರೆ. ನೆಲಕ್ಕೆ ಫರಸಿ ಹಾಕುವ ಯೋಚನೆ. ಸರಿಯೇ?
— ಪಾಲನಾ ಸಮಿತಿ ಸದಸ್ಯರು, ವಾಡಿ

ಉತ್ತರ: 6 ಅಡಿ ಸಾಲುವುದಿಲ್ಲ. ಒಂದು ಅಡಿ ಏರಿಕೆಗೆ 12 ಅಡಿ ಉದ್ದ, ಇದು ಲೆಕ್ಕ. ನಿಮ್ಮ ಒಂದೂವರೆ ಅಡಿಗೆ, ಅಂದರೆ 45 ಸೆಂ.ಮೀ.ಗೆ, 5.4 ಮೀಟರ್ ಬೇಕು, ಸುಮಾರು 18 ಅಡಿ. 6 ಅಡಿಯಲ್ಲಿ ಮುಗಿಸಿದರೆ ಇಳಿಜಾರು ನಾಲ್ಕಕ್ಕೆ ಒಂದಾಗುತ್ತದೆ. ಅಂಥ ಕಡಿದಾದ ಏರಿನಲ್ಲಿ ಮುಂದಿನ ಗಾಲಿಗಳು ಎದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ, ತಳ್ಳುವವರೂ ಅದರ ಕೆಳಗೆ ಸಿಕ್ಕಿಕೊಳ್ಳುತ್ತಾರೆ. ಬೈಕ್ ಹತ್ತಿಸುವುದಕ್ಕೆ ಮಾತ್ರ ಬರುವ ಇಂಥ ರ‍್ಯಾಂಪ್‌ಗಳು ಎಷ್ಟೋ ಕಟ್ಟಡಗಳ ಮುಂದೆ ಇವೆ. ಅದು ರ‍್ಯಾಂಪ್ ಅಲ್ಲ, ಅಪಾಯ. ಮುಂದೆ ಜಾಗವಿಲ್ಲದಿದ್ದರೆ ಗೋಡೆಗೆ ಒರಗಿದಂತೆ ಪಕ್ಕದಿಂದ ತನ್ನಿ, ಅಥವಾ ಮಧ್ಯೆ ಒಂದು ತಿರುವು ಕೊಡಿ. ತಿರುವಿನಲ್ಲಿಯೂ ಮೇಲ್ಗಡೆ ಬಾಗಿಲ ಮುಂದೆಯೂ ಒಂದೂವರೆ ಮೀಟರ್ ಚೌಕದ ಸಮತಟ್ಟು ಜಾಗ ಇರಲೇಬೇಕು. ಇಲ್ಲದಿದ್ದರೆ ಬಾಗಿಲು ತೆರೆಯುವಾಗ ಕುರ್ಚಿ ಹಿಂದೆ ಜಾರುತ್ತದೆ.

ಅಗಲ 1.2 ಮೀಟರ್. ಎರಡೂ ಬದಿಗೆ ಹಿಡಿಕೆ ಪೈಪು ಎರಡು ಎತ್ತರದಲ್ಲಿ, 70 ಮತ್ತು 90 ಸೆಂ.ಮೀ.ಗೆ. ಕುರ್ಚಿಯಲ್ಲಿ ಕೂತವರಿಗೆ, ಮಕ್ಕಳಿಗೆ ಕೆಳಗಿನದು. ಕೋಲು ಹಿಡಿದು ನಡೆಯುವ ಅಜ್ಜ ಅಜ್ಜಿಯರಿಗೆ ಮೇಲಿನದು. ಪೈಪು ಮುಷ್ಟಿಗೆ ಸಿಗುವಂತೆ 4 ಸೆಂ.ಮೀ. ಆಸುಪಾಸಿನ ದಪ್ಪವಿರಲಿ, ರ‍್ಯಾಂಪ್ ಮುಗಿದ ಮೇಲೂ 30 ಸೆಂ.ಮೀ. ಮುಂದಕ್ಕೆ ಬರಲಿ. ಎರಡೂ ಅಂಚಿಗೆ 10 ಸೆಂ.ಮೀ. ಎತ್ತರದ ಕಟ್ಟೆ ಬೇಕು, ಗಾಲಿ ಹೊರಗೆ ಜಾರದಂತೆ. ಬಾಗಿಲು ತೆರೆದಾಗ 90 ಸೆಂ.ಮೀ. ದಾರಿ ಸಿಗಬೇಕು, ಹೊಸ್ತಿಲು ಒಂದು ಸೆಂ.ಮೀ. ಮೀರಬಾರದು. ಎಲ್ಲ ಸರಿಯಾಗಿ ಕಟ್ಟಿ, ಎರಡು ಇಂಚಿನ ಹೊಸ್ತಿಲು ಉಳಿಸಿಬಿಟ್ಟರೆ ಹಣ ಹಾಳು.

ಫರಸಿ ನಿಮ್ಮ ಕಡೆ ಅಗ್ಗ, ಒಳ್ಳೆಯ ಕಲ್ಲು. ಆದರೆ ಪಾಲಿಶ್ ಮಾಡಿದ್ದು ಮಳೆಯಲ್ಲಿ ವಿಪರೀತ ಜಾರುತ್ತದೆ. ಪಾಲಿಶ್ ಇಲ್ಲದ ಒರಟು ಮುಖ ಮೇಲೆ ಬರುವಂತೆ ಹಾಕಿಸಿ, ಇಲ್ಲವೇ ಸಿಮೆಂಟ್ ಹಸಿ ಇದ್ದಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಸಿ. ಕಲ್ಲಿನ ಸಂದು ತುಂಬಿಸದೆ ಬಿಟ್ಟರೆ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ.

ಮಣ್ಣಿನ ವಿಷಯ ಗೌಂಡಿಗೆ ಗೊತ್ತಿರುತ್ತದೆ, ಆದರೆ ಸಣ್ಣ ಕೆಲಸವೆಂದು ಬಿಟ್ಟುಬಿಡುತ್ತಾರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಸುರಿದರೆ ಎರಡು ಮಳೆಗಾಲದಲ್ಲಿ ರ‍್ಯಾಂಪ್ ಎದ್ದು ಚರ್ಚಿನ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಬಾಗಿಲ ಬಳಿ ಮತ್ತೆ ಒಂದು ಮೆಟ್ಟಿಲು ಹುಟ್ಟುತ್ತದೆ. ಕನಿಷ್ಠ ಎರಡು ಮೂರು ಅಡಿ ಎರೆ ತೆಗೆದು ಗರಸು ತುಂಬಿ, 15ರಿಂದ 20 ಸೆಂ.ಮೀ. ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಿ. ರ‍್ಯಾಂಪನ್ನು ಹಳೆಯ ಗೋಡೆಗೆ ಸೇರಿಸಿ ಕಟ್ಟಬೇಡಿ, 2 ಸೆಂ.ಮೀ. ಸಂದು ಬಿಟ್ಟು ಡಾಂಬರಿನಿಂದ ತುಂಬಿಸಿ. ಛಾವಣಿಯ ನೀರು ರ‍್ಯಾಂಪಿನ ಬುಡಕ್ಕೆ ಬೀಳದಂತೆ ಪೈಪು ತಿರುಗಿಸಿ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ತೊಂದರೆ ಕಡಿಮೆ.

ಕಬ್ಬಿಣದ ರ‍್ಯಾಂಪ್ ತಂದಿಟ್ಟರೆ ಬೇಗ ಆಗುತ್ತದೆ ಎಂದು ಕೆಲವರು ಹೇಳಬಹುದು. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಅದು ಬೇಡ. ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲಲ್ಲಿ ಸ್ಪರ್ಶ ಇರುವುದಿಲ್ಲ. ಸುಟ್ಟರೂ ಗೊತ್ತಾಗುವುದಿಲ್ಲ, ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ. ಹಿಡಿಕೆ ಪೈಪಿನ ಮೇಲೂ ನೆರಳು ಬರುವಂತೆ ಒಂದು ಶೀಟು ಹಾಕಿಸಿ.

ಒಳಗೆ ಬಂದ ಮೇಲೆ ಅವರು ಎಲ್ಲಿ ಕೂರಬೇಕು? ನಡುವಿನ ಸಾಲಿನಲ್ಲಿ ಒಂದು ಬೆಂಚನ್ನು ಅರ್ಧ ಕತ್ತರಿಸಿ 90 ಸೆಂ.ಮೀ. ಅಗಲ, 1.2 ಮೀಟರ್ ಉದ್ದದ ಜಾಗ ಮಾಡಿ. ಉಳಿದರ್ಧ ಬೆಂಚಿನಲ್ಲಿ ಅವರ ಮನೆಯವರು ಕೂರಲಿ. ಎಲ್ಲರ ಕಣ್ಣಿಗೆ ಬೀಳುವಂತೆ ತೀರ ಮುಂದೆ, ಅಥವಾ ಚಪ್ಪಲಿ ಬಿಡುವ ಕಡೆ ತೀರ ಹಿಂದೆ ನಿಲ್ಲಿಸುವುದು ಸರಿಯಲ್ಲ. ಮತ್ತು ಶೌಚಾಲಯ! ಅದನ್ನು ಮರೆತರೆ ಅವರು ನೀರು ಕುಡಿಯದೆ ಬರುತ್ತಾರೆ, ಅಥವಾ ಬರುವುದೇ ಇಲ್ಲ. ಬಾಗಿಲು ಹೊರಕ್ಕೆ ತೆರೆಯಲಿ, ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ, ಎತ್ತರದ ಕಮೋಡ್, ಗೋಡೆಗೆ ಭದ್ರವಾದ ಹಿಡಿಕೆ. ಹಣ ಎರಡಕ್ಕೂ ಸಾಲದಿದ್ದರೆ ಬಲಿಪೀಠದ ಅಲಂಕಾರ ಮುಂದಕ್ಕೆ ಹಾಕಿ, ಶೌಚಾಲಯ ಮಾಡಿಸಿ.

ಪ್ರಶ್ನೆ: ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಅಂಥದೇ ಹುಡುಗನ ಜೊತೆ ಮದುವೆ ಗೊತ್ತಾಗಿದೆ. ಬಾಯಿಬಿಟ್ಟು ಪ್ರಮಾಣ ವಚನ ಹೇಳದಿದ್ದರೆ ಚರ್ಚ್ ಮದುವೆ ಊರ್ಜಿತವಾಗುತ್ತದೆಯೇ? ಪಾಪನಿವೇದನೆ ಹೇಗೆ?
— ಒಬ್ಬ ಅಣ್ಣ, ಭಾಲ್ಕಿ

ಉತ್ತರ: ಪೂರ್ತಿ ಊರ್ಜಿತ. ವಧೂವರರು ಒಪ್ಪಿಗೆಯನ್ನು ಮಾತಿನಲ್ಲಿ ಹೇಳಬೇಕು, ಮಾತು ಬಾರದಿದ್ದರೆ ಅದಕ್ಕೆ ಸಮನಾದ ಸನ್ನೆಯಲ್ಲಿ ಎಂದು 1104ನೇ ಕಲಂ ಹೇಳುತ್ತದೆ. ಬಲಿಪೂಜೆಯಲ್ಲಿ ಸನ್ನೆ ಭಾಷೆ ಬಳಸಲು ರೋಮ್ 1965ರಲ್ಲೇ ಒಪ್ಪಿಗೆ ಕೊಟ್ಟಿದೆ. 2024ರ ಮೇ ತಿಂಗಳಲ್ಲಿ ತ್ರಿಶೂರಿನಲ್ಲಿ ಹೋಲಿ ಕ್ರಾಸ್ ಸಭೆಯ ಜೋಸೆಫ್ ತೇರ್ಮಡಂ ಅವರಿಗೆ ಗುರುದೀಕ್ಷೆಯಾಯಿತು. ಕಿವುಡರಾಗಿದ್ದು ಗುರುಗಳಾದ ಮೊದಲ ಭಾರತೀಯರು ಅವರು. ಸನ್ನೆಯಲ್ಲೇ ಬಲಿಪೂಜೆ ಅರ್ಪಿಸುವ ಗುರುಗಳೇ ಇರುವಾಗ, ಸನ್ನೆಯಲ್ಲಿ ಪ್ರಮಾಣ ಸಲ್ಲದು ಎಂಬ ಮಾತಿಗೆ ಅರ್ಥವಿಲ್ಲ.

ಎಡವುವುದು ಬೇರೆ ಕಡೆ. ಕನ್ನಡದಲ್ಲಿ ಬರೆದು ತೋರಿಸಿದರೆ ಆಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹುಟ್ಟಿನಿಂದ ಕಿವಿ ಕೇಳದವರಿಗೆ ಕನ್ನಡವೇ ಎರಡನೆಯ ಭಾಷೆ. ಭಾರತೀಯ ಸನ್ನೆ ಭಾಷೆಗೆ ಅದರದೇ ವ್ಯಾಕರಣ ಇದೆ. ಪ್ರಮಾಣ ವಚನದ ಒಂದೊಂದು ಮಾತಿನ ಅರ್ಥ ಅವರಿಗೆ ಮುಂಚೆಯೇ ಸನ್ನೆಯಲ್ಲಿ ತಿಳಿದಿರಬೇಕು: ಬಿಟ್ಟುಹೋಗುವುದಿಲ್ಲ, ಸಾಯುವವರೆಗೆ, ಕಾಯಿಲೆಯಲ್ಲೂ. ಮದುವೆಯ ಪೂರ್ವಸಿದ್ಧತಾ ಶಿಬಿರಕ್ಕೇ ದುಭಾಷಿ ಬೇಕು, ಮದುವೆಯ ದಿನಕ್ಕೆ ಮಾತ್ರ ಸಾಲದು. ದುಭಾಷಿಗೆ ಮನೆಯವರನ್ನು ಹಾಕಬೇಡಿ. ನೀವು ಒಳ್ಳೆಯ ಅಣ್ಣನೇ ಇರಬಹುದು, ಆದರೆ ತಂಗಿಗೆ ಈ ಮದುವೆ ಇಷ್ಟವೇ ಎಂದು ಗುರುಗಳು ಕೇಳುವಾಗ ನಡುವೆ ನೀವು ಇರಬಾರದು. ಕಿವುಡ ಮಕ್ಕಳ ಶಾಲೆಯ ಶಿಕ್ಷಕರನ್ನು ಕೇಳಿದರೆ ತಿಳಿದವರು ಸಿಗುತ್ತಾರೆ.

ಆ ದಿನ ದುಭಾಷಿ ಗುರುಗಳ ಪಕ್ಕದಲ್ಲೇ ನಿಲ್ಲಲಿ, ಮದುಮಕ್ಕಳು ಒಂದೇ ನೋಟದಲ್ಲಿ ಇಬ್ಬರನ್ನೂ ಕಾಣುವಂತೆ. ಹಿಂದಿನಿಂದ ಕಿಟಕಿಯ ಬೆಳಕು ಬಿದ್ದರೆ ಕೈಗಳು ಕಪ್ಪಾಗಿ ಕಾಣುತ್ತವೆ, ಬೆಳಕು ಮುಂದಿನಿಂದ ಇರಲಿ. ಉಡುಪು ಒಂದೇ ಬಣ್ಣದ್ದಿರಲಿ. ವಧೂವರರ ಕೈಯಲ್ಲಿ ಹೂಗುಚ್ಛ ಬೇಡ, ಅವರು ಮಾತಾಡುವುದು ಕೈಯಲ್ಲೇ. ಇಬ್ಬರು ಸಾಕ್ಷಿಗಳಿಗೂ ಪ್ರಮಾಣದ ಸನ್ನೆ ಅರ್ಥವಾಗಿರಬೇಕು ಅಥವಾ ದುಭಾಷಿ ಅದನ್ನು ಗಟ್ಟಿಯಾಗಿ ಹೇಳಬೇಕು.

ಪಾಪನಿವೇದನೆಗೆ 990ನೇ ಕಲಂ ದುಭಾಷಿಯನ್ನು ಒಪ್ಪುತ್ತದೆ. ಕೇಳಿದ್ದನ್ನು ಹೊರಗೆ ಹೇಳದ ಕಟ್ಟುಪಾಡು ದುಭಾಷಿಗೂ ಇದೆ. ದುಭಾಷಿ ಬೇಡವೆನಿಸಿದರೆ ಚೀಟಿಯಲ್ಲಿ ಬರೆದು ತೋರಿಸಿ, ಮುಗಿದ ಕೂಡಲೇ ಆ ಚೀಟಿಯನ್ನು ಸುಟ್ಟುಬಿಡಬಹುದು. ಮೊಬೈಲ್‌ನಲ್ಲಿ ಟೈಪ್ ಮಾಡಿ ಕಳಿಸುವುದು ಬೇಡ, ಅದು ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತದೆ. ಸಾಲಿನಲ್ಲಿ ನಿಂತ ಇತರರಿಗೆ ಸನ್ನೆ ಕಾಣದಂಥ ಕೋಣೆ ಆರಿಸಿ.

ಪ್ರಶ್ನೆ: ನನ್ನ ಹೆಂಡತಿಗೆ ಮೂರ್ಛೆ ರೋಗ. ಪ್ರಾರ್ಥನಾ ಕೂಟವೊಂದರಲ್ಲಿ, ವಿಶ್ವಾಸ ಇದ್ದರೆ ಮಾತ್ರೆ ಯಾಕೆ ಎಂದು ಕೇಳಿದರು. ಬಿಡಿಸಬೇಕೇ?
— ಸುರಪುರದ ಓದುಗರು

ಉತ್ತರ: ಬಿಡಿಸಬೇಡಿ. ಒಂದು ಹೊತ್ತೂ ಬೇಡ. ಮೂರ್ಛೆಯ ಮಾತ್ರೆ ಹಠಾತ್ತಾಗಿ ನಿಲ್ಲಿಸಿದರೆ ನಿಲ್ಲದ ಸೆಳೆತ ಬಂದು ಜೀವಕ್ಕೇ ಕುತ್ತು ಬರಬಹುದು. ಕಾಯಿಲೆ ಬಂದಿರುವುದು ವಿಶ್ವಾಸ ಕಡಿಮೆಯಾಗಿ ಎಂಬ ಮಾತು ಶುಭಸಂದೇಶಕ್ಕೇ ವಿರುದ್ಧ. ಹುಟ್ಟು ಕುರುಡನನ್ನು ಕಂಡು 'ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ' ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ ಅವರೂ ಅಲ್ಲ ಎಂದು ಯೇಸು ಹೇಳಿದ್ದು ಯೊವಾನ್ನನ 9ನೇ ಅಧ್ಯಾಯದಲ್ಲಿದೆ. ಪ್ರಾರ್ಥನೆ ಮಾಡಿ, ಮಾತ್ರೆಯನ್ನೂ ನುಂಗಿಸಿ. ರೋಗಿಗಳ ಅಭ್ಯಂಗ ಸಂಸ್ಕಾರ ಗಂಭೀರ ಕಾಯಿಲೆ ಅಥವಾ ವೃದ್ಧಾಪ್ಯದಿಂದ ಅಪಾಯದಲ್ಲಿರುವವರಿಗೆ. ಕಾಯಿಲೆ ಉಲ್ಬಣಿಸಿದರೆ ಕೇಳಿ. ಬರೀ ಕುಂಟು, ಕುರುಡು, ಕಿವುಡುತನ ಈ ಸಂಸ್ಕಾರಕ್ಕೆ ಕಾರಣವಾಗದು, ಅವು ರೋಗವೇ ಅಲ್ಲ.

ಚರ್ಚಿನಲ್ಲೇ ಫಿಟ್ಸ್ ಬಂದರೆ ಏನು ಮಾಡಬೇಕೆಂದು ಸ್ವಯಂಸೇವಕರಿಗೆ ತಿಳಿದಿರಲಿ. ಮೊದಲು ಗಡಿಯಾರ ನೋಡಿ. ಬೆಂಚು, ಮೇಣದ ಬತ್ತಿ ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯದು ಇಡಿ, ಸೆಳೆತ ಇಳಿಯುತ್ತಿದ್ದಂತೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ, ನೀರು, ಏನೂ ಹಾಕಬೇಡಿ. ಕೈಯಲ್ಲಿ ಕೀಲಿ ಹಿಡಿಸುವುದು, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಹಿಡಿಯುವುದರಿಂದ ಉಪಯೋಗವಿಲ್ಲ, ಅವಮಾನ ಮಾತ್ರ. ಕೈಕಾಲು ಬಿಗಿಯಾಗಿ ಒತ್ತಿ ಹಿಡಿದರೆ ಎಲುಬು ಮುರಿಯಬಹುದು. 5 ನಿಮಿಷ ದಾಟಿದರೆ, ಎಚ್ಚರವಾಗುವ ಮುನ್ನ ಮತ್ತೊಮ್ಮೆ ಬಂದರೆ, ಅಥವಾ ಗರ್ಭಿಣಿಯಾಗಿದ್ದರೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ದೃಷ್ಟಿ ಇಲ್ಲದವರು ಬಲಿಪೂಜೆಯಲ್ಲಿ ವಾಚನ ಓದಬಹುದೇ?
— ಹುಮನಾಬಾದ್

ಉತ್ತರ: ಖಂಡಿತ. ಕನ್ನಡ ಬ್ರೈಲ್ ಬಲ್ಲವರು ಆ ಭಾನುವಾರದ ವಾಚನವನ್ನು ಹಾಳೆಗೆ ಇಳಿಸಿಕೊಂಡು ಬೆರಳಿನಿಂದ ಓದಲಿ, ವಾಚನ ಗ್ರಂಥ ಮಾತ್ರ ಪೀಠದ ಮೇಲೆ ಗೌರವದಿಂದ ಇರಲಿ. ಪಠ್ಯ ಅವರ ಕೈಗೆ ಹಿಂದಿನ ಭಾನುವಾರವೇ ಸಿಗಬೇಕು. ಫೋಟೊ ಹೊಡೆದು ವಾಟ್ಸಾಪ್ ಮಾಡಿದರೆ ಮೊಬೈಲ್‌ನ ಓದುವ ತಂತ್ರಾಂಶಕ್ಕೆ ಬಹಳ ಸಲ ಕನ್ನಡ ಸರಿಯಾಗಿ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ನುಡಿಯ ಹಳೆಯ ಅಕ್ಷರಶೈಲಿಯ ಕಡತವಾದರೆ ಅದು ಓದುವುದೇ ಇಲ್ಲ. ಬೆಂಚಿನಿಂದ ವಾಚನ ಪೀಠದವರೆಗೆ ಒಮ್ಮೆ ಜೊತೆಯಲ್ಲಿ ನಡೆದು ತೋರಿಸಿ, ಆಮೇಲೆ ಆ ದಾರಿಯಲ್ಲಿ ಹೂಕುಂಡ, ಮೈಕ್ ವೈರು ಇಡಬೇಡಿ. ಕರೆದೊಯ್ಯುವಾಗ ಅವರ ತೋಳು ಹಿಡಿದು ತಳ್ಳಬೇಡಿ, ನಿಮ್ಮ ಮೊಣಕೈ ಅವರು ಹಿಡಿಯಲಿ.

ಪ್ರಶ್ನೆ: ಮಗಳಿಗೆ ಸೆರೆಬ್ರಲ್ ಪಾಲ್ಸಿ, ಈಗ 18 ತುಂಬಿತು. ಬ್ಯಾಂಕಿನವರು ಅವಳ ಸಹಿ ಕೇಳುತ್ತಾರೆ, ನಮ್ಮ ಸಹಿ ನಡೆಯದು ಎನ್ನುತ್ತಾರೆ. ನಾವಿಲ್ಲದ ಮೇಲೆ ಅವಳ ಗತಿ? ಸಿಸ್ಟರ್‌ಗಳ ಆಶ್ರಮಕ್ಕೆ ಸೇರಿಸಿದರೆ ಹೇಗೆ?
— ತಂದೆ ತಾಯಿ, ಆಳಂದ

ಉತ್ತರ: 18 ತುಂಬಿದ ದಿನದಿಂದ ಹೆತ್ತವರೂ ತಾನಾಗಿಯೇ ಕಾನೂನುಬದ್ಧ ಪಾಲಕರಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ, ಈ ನಾಲ್ಕಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಅರ್ಜಿಯ ಜೊತೆ ವೈದ್ಯಕೀಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಬೇಕು. ನೇಮಕವಾದ 6 ತಿಂಗಳೊಳಗೆ ಮಗಳ ಹೆಸರಿನ ಆಸ್ತಿಯ ಪಟ್ಟಿ, ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಇದನ್ನು ಮರೆಯುವವರೇ ಹೆಚ್ಚು. ಆದರೆ ಒಂದು ಮಾತು: ಸೆರೆಬ್ರಲ್ ಪಾಲ್ಸಿ ಇದ್ದು ಬುದ್ಧಿ ಚುರುಕಾಗಿರುವ ಎಷ್ಟೋ ಜನರಿದ್ದಾರೆ. ಮಾತು ತೊದಲಿದರೆ ತಿಳಿವಳಿಕೆ ಇಲ್ಲ ಎಂದಲ್ಲ. ಮಗಳಿಗೆ ತನ್ನ ವ್ಯವಹಾರ ಅರ್ಥವಾಗುವುದಾದರೆ ಹೆಬ್ಬೆಟ್ಟು ಒತ್ತಿ ತಾನೇ ಖಾತೆ ನಡೆಸಲಿ, ಪಾಲಕತ್ವವೇ ಬೇಕಾಗದು.

ಯುಡಿಐಡಿ ಕಾರ್ಡ್ (ವಿಕಲಚೇತನರ ಸರ್ಕಾರಿ ಗುರುತಿನ ಚೀಟಿ) ಆಗಿಲ್ಲದಿದ್ದರೆ ಅದೇ ಮೊದಲ ಕೆಲಸ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ ವೈದ್ಯಕೀಯ ತಪಾಸಣೆಗೆ ಹೋಗಬೇಕು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಆಧಾರ್‌ನಲ್ಲಿ ಒಂದು ಹೆಸರು, ಜ್ಞಾನಸ್ನಾನದ ಪತ್ರದಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು ಇರುವುದು ನಮ್ಮ ಕುಟುಂಬಗಳಲ್ಲಿ ಸಾಮಾನ್ಯ. ಮೊದಲು ಅದನ್ನು ಸರಿಪಡಿಸಿಕೊಳ್ಳಿ. ತಪಾಸಣೆಯಲ್ಲಿ ವಿಕಲತೆ ಶೇ. 40ಕ್ಕೆ ಕಡಿಮೆ ಬಂದರೆ ಬಿಳಿ ಕಾರ್ಡ್, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಮಾಸಾಶನ, ಬಸ್ ರಿಯಾಯಿತಿಗಳೆಲ್ಲ ಶೇ. 40ರಿಂದ. ನಿಮ್ಮ ಮಗಳಂಥವರಿಗೆ 'ನಿರಾಮಯ' ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ. ವರ್ಷ ವರ್ಷ ನವೀಕರಿಸದಿದ್ದರೆ ಅದು ನಿಂತುಹೋಗುತ್ತದೆ.

ಆಶ್ರಮದ ಬಗ್ಗೆ ಅವಸರ ಬೇಡ. ನೀವಿಬ್ಬರೂ ಗಟ್ಟಿಯಿರುವಾಗಲೇ ವರ್ಷಕ್ಕೆ ಒಂದೆರಡು ವಾರ ಬಿಟ್ಟು ಅಭ್ಯಾಸ ಮಾಡಿಸಿ, ನಿಮ್ಮ ನಂತರ ಒಮ್ಮೆಲೇ ಅಪರಿಚಿತರ ನಡುವೆ ಬಿದ್ದರೆ ಅವಳು ಕುಸಿಯುತ್ತಾಳೆ. ಸೇರಿಸುವ ಮೊದಲು ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ ನೋಡಿ. ಸ್ನಾನ ಮಾಡಿಸುವವರು ಯಾರು, ರಾತ್ರಿ ಎಷ್ಟು ಜನ ಇರುತ್ತಾರೆ, ದೂರು ಕೊಡಬೇಕಾದರೆ ಯಾರಿಗೆ ಎಂದು ಕೇಳಿ. ಉಡುಪು ನೋಡಿ ಪ್ರಶ್ನೆ ನುಂಗಿಕೊಳ್ಳಬೇಡಿ. ಬೌದ್ಧಿಕ ವಿಕಲತೆಯುಳ್ಳವರ ಜೊತೆ ಒಂದೇ ಮನೆಯಲ್ಲಿ ಬಾಳುವ ಲಾರ್ಶ್ ಸಮುದಾಯವನ್ನು 1964ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಜಾನ್ ವಾನಿಯೇ ಜಗತ್ತಿಗೆಲ್ಲ ಪೂಜ್ಯರಾಗಿದ್ದರು. ಭಾರತದಲ್ಲಿ ಅದರ ಮೊದಲ ಮನೆ ಬೆಂಗಳೂರಿನ ಆಶಾನಿಕೇತನ, 1970ರದ್ದು. ವಾನಿಯೇ ತೀರಿಕೊಂಡ ಮೇಲೆ 2020ರಲ್ಲಿ ಅದೇ ಸಂಸ್ಥೆ ತನಿಖೆ ನಡೆಸಿ, ಅವರು ಕನಿಷ್ಠ ಆರು ಮಹಿಳೆಯರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದನ್ನು ತಾನೇ ಪ್ರಕಟಿಸಿತು. ಆ ಮಹಿಳೆಯರು ವಿಕಲಚೇತನರಾಗಿರಲಿಲ್ಲ. ಆ ಮನೆಗಳ ಒಳ್ಳೆಯ ಕೆಲಸ ಇಂದಿಗೂ ನಡೆದಿದೆ. ಆದರೆ ಎಷ್ಟೇ ದೊಡ್ಡ ಹೆಸರಾದರೂ ಪ್ರಶ್ನೆ ಕೇಳಲೇಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ಹಾಸಿಗೆ ಹಿಡಿದವರು ಭಾನುವಾರ ಬರಲಾಗದಿದ್ದರೆ ಪಾಪವೇ? ಮನೆಗೆ ಪರಮಪ್ರಸಾದ ತರುವಾಗ ಉಪವಾಸ ಬೇಕೇ?
— ಗುರುಮಠಕಲ್

ಉತ್ತರ: ಪಾಪವಲ್ಲ. ಒಂದು ಗಂಟೆಯ ಉಪವಾಸದಿಂದ ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೂ ವಿನಾಯಿತಿ ಇದೆ. ಹಾಸಿಗೆಯ ಪಕ್ಕ ಬಿಳಿ ಬಟ್ಟೆ ಹಾಸಿದ ಮೇಜು, ಒಂದು ಬತ್ತಿ, ಒಂದು ಲೋಟ ನೀರು ಇಡಿ. ಆಮ್ಲಜನಕ ಹಾಕಿದ್ದರೆ ಬತ್ತಿ ಹಚ್ಚಬೇಡಿ.

ಪ್ರಶ್ನೆ: ಡಿಸೆಂಬರ್ 3ರ ವಿಕಲಚೇತನರ ದಿನಕ್ಕೆ ನಮ್ಮ ಯುವಕ ಸಂಘದಿಂದ ಹಣ್ಣು, ಕಂಬಳಿ ಹಂಚಬೇಕೆಂದಿದ್ದೇವೆ. ಬೇರೆ ಏನಾದರೂ ಮಾಡಬಹುದೇ?
— ಯುವಕರು, ಕಲಬುರಗಿ

ಉತ್ತರ: ಕಂಬಳಿ ಬೇಕಾದವರಿಗೆ ಕೊಡಿ, ಆದರೆ ಫೋಟೊ ತೆಗೆದು ಹಾಕಬೇಡಿ. ಅದಕ್ಕಿಂತ ಹೆಚ್ಚು ಉಪಯೋಗದ ಕೆಲಸ ಒಂದಿದೆ. ಕಿರು ಕ್ರೈಸ್ತ ಸಮುದಾಯಗಳ ಮೂಲಕ ಮನೆ ಮನೆಗೆ ಹೋಗಿ ಒಂದು ಪಟ್ಟಿ ಮಾಡಿ. 'ನಿಮ್ಮ ಮನೆಯಲ್ಲಿ ಅಂಗವಿಕಲರಿದ್ದಾರಾ?' ಎಂದು ಕೇಳಿದರೆ ಬಹಳ ಮಂದಿ ಇಲ್ಲ ಅನ್ನುತ್ತಾರೆ, ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯ ಅವರಿಗೆ. 'ಚರ್ಚಿಗೆ ಬರಲು ಯಾರಿಗಾದರೂ ಕಷ್ಟವೇ? ಮೆಟ್ಟಿಲೋ, ಕೇಳಿಸುವುದೋ, ಕಾಣಿಸುವುದೋ, ಗದ್ದಲವೋ?' ಎಂದು ಕೇಳಿ. ಹೆಸರು ಬರೆಯುವ ಮೊದಲು ಒಪ್ಪಿಗೆ ಪಡೆಯಿರಿ. ಆ ಪಟ್ಟಿಯನ್ನು ಗುರುಗಳ ಬಳಿ ಮಾತ್ರ ಇಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ನಿಮಗೆ ಏನು ಮಾಡಿಕೊಡಬೇಕು ಎಂಬ ಪ್ರಶ್ನೆಯ ಜೊತೆಗೆ, ನೀವು ಚರ್ಚಿನಲ್ಲಿ ಏನು ಮಾಡಲು ಇಷ್ಟಪಡುತ್ತೀರಿ ಎಂದೂ ಕೇಳಿ. ಹಾಡುವವರು, ಕಾಣಿಕೆ ಎತ್ತುವವರು, ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸುವವರು ಆ ಪಟ್ಟಿಯಲ್ಲೇ ಇದ್ದಾರೆ. ಪಾಲನಾ ಸಮಿತಿಗೂ ಅವರಲ್ಲೊಬ್ಬರನ್ನು ಆರಿಸಿ. ಅವರೇ ಇದ್ದರೆ ರ‍್ಯಾಂಪಿನ ಅಳತೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿದದ್ದು ವಾಹನದ ವಿಷಯ. ಭಾನುವಾರ ಬೆಳಿಗ್ಗೆ ಹಳ್ಳಿಯ ಬಸ್ಸು ಬಲಿಪೂಜೆಯ ಹೊತ್ತಿಗೆ ಹೊಂದುವುದಿಲ್ಲ, ಹೊಂದಿದರೂ ಅದರ ಮೊದಲ ಮೆಟ್ಟಿಲು ಎತ್ತರ. ತಿಂಗಳಿಗೆ ನಾಲ್ಕು ಭಾನುವಾರಕ್ಕೆ ಆಟೋ ಬಾಡಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ, ಆ ಹಣವನ್ನು ಧರ್ಮಕೇಂದ್ರದ ವಾರ್ಷಿಕ ಬಜೆಟ್‌ನಲ್ಲಿ ಹಬ್ಬದ ಖರ್ಚಿಗಿಂತ ಮೇಲಿನ ಸಾಲಿನಲ್ಲಿ ಬರೆಸಿ. ಯಾವ ಭಾನುವಾರ ಯಾವ ಯುವಕ ಜೊತೆಗೆ ಹೋಗಬೇಕು ಎಂಬ ಸರದಿಯನ್ನು ಜನವರಿಯಲ್ಲೇ ಗೋಡೆಗೆ ಅಂಟಿಸಿ. ಬರಲಾಗದವನು ತನ್ನ ಬದಲಿಯನ್ನು ಶನಿವಾರ ಸಂಜೆಯೊಳಗೆ ಹೇಳಬೇಕು, ಏಕೆಂದರೆ ಹಳ್ಳಿಯಲ್ಲಿ ಅವರು ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಬೆಳಗಿನಿಂದಲೇ ಬಾಗಿಲಲ್ಲಿ ಕೂತಿರುತ್ತಾರೆ.